ತಲೆ ಮುಗಿದು ಎದೆ ಶುರುವಾಗುವ ಹೊತ್ತು

ಬೆಳಗ್ಗೆ ಆರಕ್ಕೆ ಅಂಗಳದಾಚೆ ತಾಮ್ರ ಮಿಸುಕಿದ ಸದ್ದಾಯಿತು. ಟಕ್. ಒಂದು ಉಸಿರಿನಷ್ಟು ಬಿಟ್ಟು ಮತ್ತೆ, ಟಕ್ ಟಕ್.

ಕೆಳಗೆ ಉರಿ ಬಿದ್ದಾಗ ತಾಮ್ರದ ಹಂಡೆ ಬಿಸಿಯಾಗಿ ಹಿಗ್ಗುತ್ತಾ ಮಾಡುವ ಸದ್ದು ಅದು. ಮೂಗಿನಮ್ಮನಿಗೆ ಹೊಸದಲ್ಲ, ಹತ್ತೊಂಬತ್ತು ವರ್ಷದಿಂದ ಕೇಳಿದ್ದಾಳೆ. ಆದರೆ ಆ ಹಂಡೆಗೆ ಉರಿ ಹಚ್ಚುವವಳು ಅವಳೇ. ಭಟ್ಟಿಮನೆಯ ಬೀಗದಕೈ ಅವಳ ದಿಂಬಿನ ಕೆಳಗೇ ಇತ್ತು. ಅವಳಿನ್ನೂ ಮಂಚದ ಅಂಚಿನಲ್ಲಿ ಕೂತು ಕೂದಲು ಗಂಟು ಹಾಕಿಕೊಳ್ಳುತ್ತಿದ್ದಳು.

"ಕೇಳಿಸ್ತಾ?" ಎಂದಳು.

"ಕೇಳಿಸ್ದೆ ಏನು, ನನಗೆ ಹೋಗಿರೋದು ಮಂಡಿ, ಕಿವಿಯಲ್ಲ" ಎಂದಳು ಪಕ್ಕದ ಮಂಚದಲ್ಲಿದ್ದ ಅಕ್ಕ, ಕಣ್ಣು ಬಿಡದೆ. "ಮೂರು ದಿನದಿಂದ ಕೇಳಿಸ್ತಾನೇ ಇದೆ."

"ಒಲೆ ಹಚ್ಚಿಲ್ಲ ಇನ್ನೂ."

"ತಾಮ್ರಕ್ಕೂ ಮೈ ಮುರಿಯೋಕೆ ಹಕ್ಕಿಲ್ವಾ? ಹೋಗು, ಕಾಫಿ ಇಡು ಮೊದಲು."

ಮೂಗಿನಮ್ಮ ಕಾಫಿ ಇಡಲಿಲ್ಲ. ಬೀಗದಕೈ ತೆಗೆದುಕೊಂಡು ಅಂಗಳ ದಾಟಿ ಭಟ್ಟಿಮನೆಯ ಬಾಗಿಲು ತೆಗೆದಳು. ಒಳಗೆ ಮಂದ ಬೆಳಕು, ತಣ್ಣನೆಯ ಸಿಮೆಂಟು ನೆಲ. ಹಂಡೆ ತನ್ನ ಉದ್ದ ಕತ್ತನ್ನು ಬಗ್ಗಿಸಿಕೊಂಡು, ಏನೂ ಅರಿಯದ ಮಗುವಿನ ಹಾಗೆ ಕೂತಿತ್ತು. ಅವಳು ಹತ್ತಿರ ಹೋಗಿ ಅದರ ಹೊಟ್ಟೆಯ ಸುತ್ತ ಕೈಯಾಡಿಸಿದಳು. ತಣ್ಣಗಿತ್ತು. ಹಿಂದೆ ತಣ್ಣಗಿತ್ತು, ಬುಡವೂ ತಣ್ಣಗಿತ್ತು. ಭುಜದೆತ್ತರದಲ್ಲಿ, ಕಿಟಕಿಯ ಕಡೆ, ಒಂದು ಅಂಗೈಯಷ್ಟು ಜಾಗ ಮಾತ್ರ ಬೆಚ್ಚಗಿತ್ತು. ಅವಳು ಅಲ್ಲಿ ತನ್ನ ಅಂಗೈ ಇಟ್ಟಳು. ಬೆಚ್ಚಗಿದ್ದ ಜಾಗ ಅವಳ ಕೈಗಿಂತ ದೊಡ್ಡದಾಗಿತ್ತು.

ಕಿಟಕಿಯಿಂದ ಬಿಸಿಲು ಬಿದ್ದಿರಬೇಕು ಅಂದುಕೊಂಡಳು. ಕಿಟಕಿಯಾಚೆ ಇನ್ನೂ ಬಿಸಿಲು ಬಂದಿರಲಿಲ್ಲ.

*

ಅದು ಜಿನ್ ಮದ್ಯ ಇಳಿಸುವ ಸಣ್ಣ ಭಟ್ಟಿ. ಒಂದೇ ಹಂಡೆ, ಒಂದು ಉಗ್ರಾಣ, ಬಾಟಲಿ ತುಂಬುವ ಕೋಣೆ, ಬೀದಿಯ ಕಡೆಗೆ ರುಚಿ ನೋಡುವ ಕೋಣೆ. ಕೆಲಸದವರು ಒಟ್ಟು ನಾಲ್ಕು ಜನ. ಮೂಗಿನಮ್ಮ ಅಲ್ಲಿಗೆ ಬಂದದ್ದು ಬಾಟಲಿ ತೊಳೆಯುವುದಕ್ಕೆ. ಅಕ್ಕನ ಗಂಡ, ಅವಳ ಭಾವ, ಆಗ ಭಟ್ಟಿಯ ಯಜಮಾನಿಕೆ ಬಿಟ್ಟು ಉಳಿದದ್ದೆಲ್ಲ ಆಗಿದ್ದ. ಬಾಟಲಿ ತೊಳೆಯುತ್ತಿದ್ದ ನಾದಿನಿ ಒಂದು ದಿನ ಸುಮ್ಮನೆ, "ಭಾವ, ಇವತ್ತಿನ ನಿಂಬೆಸಿಪ್ಪೆ ಬೂಸ್ಟು ಹಿಡಿದಿದೆ" ಎಂದಳು. ಉಗ್ರಾಣ ಎರಡು ಬಾಗಿಲು ಆಚೆಗಿತ್ತು. ಹೋಗಿ ನೋಡಿದರೆ ಚೀಲದ ತಳದಲ್ಲಿ ಬೂಸ್ಟು ಇತ್ತು. ಅವತ್ತಿನಿಂದ ಬೀದಿಯಲ್ಲಿ ಎಲ್ಲರಿಗೂ ಅವಳು ಮೂಗಿನಮ್ಮ. ಯಾರದೋ ಮನೆಯಲ್ಲಿ ಗ್ಯಾಸು ಸೋರಿದರೆ ಮೊದಲು ಅವಳನ್ನು ಕರೆಯುತ್ತಿದ್ದರು, ಆಮೇಲೆ ಗ್ಯಾಸಿನವನನ್ನು.

ಭಟ್ಟಿಯ ಕೆಲಸದಲ್ಲಿ ಕಷ್ಟವಾದದ್ದು ಒಂದೇ. ಹಂಡೆಯಿಂದ ಇಳಿದು ಬರುವುದೆಲ್ಲ ಜಿನ್ ಅಲ್ಲ. ಮೊದಲು ಬರುವುದನ್ನು ತಲೆ ಅನ್ನುತ್ತಾರೆ. ಅದು ಕೆಟ್ಟದ್ದು, ಕುಡಿದವರ ತಲೆ ಒಡೆಯುತ್ತದೆ, ಕಿಟಕಿ ಗಾಜು ಒರೆಸುವುದಕ್ಕಷ್ಟೇ ಲಾಯಕ್ಕು. ಕೊನೆಯಲ್ಲಿ ಬರುವುದು ಬಾಲ, ಅದು ಮುಗ್ಗಲು. ನಡುವೆ ಬರುವುದು ಎದೆ. ಬಾಟಲಿಗೆ ಹೋಗಬೇಕಾದದ್ದು ಅದು ಮಾತ್ರ. ಮೂರೂ ನೋಡುವುದಕ್ಕೆ ಒಂದೇ, ನೀರಿನ ಹಾಗೆ. ಕೊಳವೆಯ ತುದಿಯಲ್ಲಿ ಎರಡು ಬಾಯಿಯ ನಲ್ಲಿ ಇದೆ. ಎಡಕ್ಕೆ ತಿರುಗಿಸಿದರೆ ತಗಡಿನ ಡಬ್ಬಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಸ್ಟೀಲ್ ಪಾತ್ರೆಗೆ. ತಲೆ ಮುಗಿದು ಎದೆ ಶುರುವಾಗುವ ಹೊತ್ತು ಯಾವುದು ಅಂತ ಗಡಿಯಾರ ಹೇಳುವುದಿಲ್ಲ. ಮೂಗು ಹೇಳಬೇಕು.

ನಲ್ಲಿ ಹಿಡಿದವರಿಗೆ ಅಂಗಳದಾಚೆಯ ಎರಡು ಕೋಣೆ. ದೊಡ್ಡ ಯಜಮಾನರ ಕಾಲದಿಂದ ಇದು ಹೀಗೇ. ಭಾವ ಇರುವವರೆಗೆ ಆ ಕೋಣೆಗಳು ಭಾವನದು. ಎರಡು ವರ್ಷದ ಹಿಂದೆ ಭಾವ ಹಂಡೆಯ ಪಕ್ಕದ ಕುರ್ಚಿಯಲ್ಲಿ, ಎದೆಗಾಗಿ ಕಾಯುತ್ತಾ ಕಾಯುತ್ತಾ, ಕೂತ ಹಾಗೇ ಹೋಗಿಬಿಟ್ಟ. ಕಂಡವಳು ಮೂಗಿನಮ್ಮ. ಅವತ್ತು ಅವಳು ಮೊದಲು ನಲ್ಲಿಯನ್ನು ಬಲಕ್ಕೆ ತಿರುಗಿಸಿದಳು, ಆಮೇಲೆ ಕಿರುಚಿದಳು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಹೊತ್ತು ಆಗಿತ್ತು, ತಿರುಗಿಸಲೇಬೇಕಿತ್ತು, ಅಷ್ಟೇ.

ಆಮೇಲೆ ನಲ್ಲಿ ಅವಳದಾಯಿತು. ಕೋಣೆಗಳೂ ಉಳಿದವು. ಮಂಡಿ ಹೋದ ಅಕ್ಕ ಕಿಟಕಿಯ ಪಕ್ಕದಲ್ಲಿ ಕೂತು ಬೀದಿಯವರ ಹುಳುಕು ಹೇಳಿಕೊಂಡು ಸುಖವಾಗಿದ್ದಳು.

ಎಂಟು ತಿಂಗಳ ಹಿಂದೆ ಮೂಗಿನಮ್ಮನಿಗೆ ಜ್ವರ ಬಂತು. ಒಂದು ವಾರಕ್ಕೆ ಇಳಿಯಿತು. ಎದ್ದು ಮುಖ ತೊಳೆದಾಗ ಸೋಪಿಗೆ ವಾಸನೆ ಇರಲಿಲ್ಲ. ಟವೆಲಿಗೆ ಇರಲಿಲ್ಲ. ಉಗ್ರಾಣಕ್ಕೆ ಹೋಗಿ, ಜಿನ್ನಿಗೆ ಘಮ ಕೊಡುವ ಜುನಿಪರ್ ಕಾಯಿಯ ಡಬ್ಬಕ್ಕೆ ಮುಖ ಹುದುಗಿಸಿ ಉಸಿರೆಳೆದಳು. ಗಾಳಿ ಬಂತು. ಬರೀ ಗಾಳಿ. ಕೊತ್ತಂಬರಿ ಬೀಜವನ್ನು ಹಲ್ಲಿನಿಂದ ಕಚ್ಚಿದಳು. ಮರಳು ಕಚ್ಚಿದ ಹಾಗಾಯಿತು.

ಅವಳು ಅಲ್ಲೇ ಚೀಲಗಳ ನಡುವೆ ಬಹಳ ಹೊತ್ತು ಕೂತಿದ್ದಳು. ಹೇಳಿದರೆ ನಲ್ಲಿ ಹೋಗುತ್ತದೆ, ನಲ್ಲಿಯ ಜೊತೆ ಕೋಣೆ, ಅಕ್ಕನ ಕಿಟಕಿ. ಹೇಳದಿದ್ದರೆ ಯಾವತ್ತಾದರೂ ಒಂದು ದಿನ ತಲೆ ಬಾಟಲಿಗೆ ಹೋಗುತ್ತದೆ.

ಎದ್ದು ಬಂದಳು, ಹೇಳಲಿಲ್ಲ.

ಮೊದಮೊದಲು ಅಂಗೈ ನಂಬಿದಳು. ನಾಲ್ಕು ಹನಿ ಉಜ್ಜಿದರೆ ತಲೆ ಬೇಗ ಆರಿ ಕೈ ಕೊರೆಯುತ್ತದೆ, ಎದೆ ನಿಧಾನಕ್ಕೆ ಆರುತ್ತದೆ. ಆದರೆ ಥಂಡಿ ದಿನಗಳಲ್ಲಿ ಎಲ್ಲವೂ ಕೊರೆಯುತ್ತಿತ್ತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಯಜಮಾನಿಯ ಹತ್ತಿರ ಹೋಗಿ, "ಶನಿವಾರ ಶನಿವಾರ ಜನರನ್ನ ಕರೆಸಿ ಭಟ್ಟಿ ತೋರಿಸೋಣ. ರುಚಿಯೂ ನೋಡಲಿ, ಬಾಟಲಿಯೂ ಕೊಳ್ಳಲಿ" ಎಂದಳು. ದೊಡ್ಡ ಯಜಮಾನರ ಮಗಳಾದ ಯಜಮಾನಿ ಹೊಸ ಕಾಲದವಳು. ಕುಣಿದುಬಿಟ್ಟಳು.

ಹಾಗೆ ಹಂಡೆ ಕಾಯಿಸುವ ಕೆಲಸವೆಲ್ಲ ಶನಿವಾರಕ್ಕೇ ಬಂತು. ಬಂದವರನ್ನು ಮೂಗಿನಮ್ಮ ಉಗ್ರಾಣ ಸುತ್ತಿಸಿ ತರುತ್ತಿದ್ದಳು. ಮೊದಲ ಹನಿ ಬೀಳುವ ಹೊತ್ತಿಗೆ ಎಲ್ಲರನ್ನೂ ಹಂಡೆಯ ಮುಂದೆ ಅರ್ಧಚಂದ್ರದ ಹಾಗೆ ನಿಲ್ಲಿಸುತ್ತಿದ್ದಳು. ಮೂರು ಮೂರು ನಿಮಿಷಕ್ಕೊಂದು ಸಣ್ಣ ಗ್ಲಾಸು ಹಿಡಿದು, "ಕುಡೀಬೇಡಿ, ಮೂಸಿ. ಪಕ್ಕದವರಿಗೆ ಹೇಳ್ಬೇಡಿ. ಚೀಟಿ ಮೇಲೆ ಬರೆದು ಮಡಚಿ ನನ್ನ ಕೈಗೆ ಕೊಡಿ. ಯಾರ ಮೂಗು ಚುರುಕು ನೋಡೋಣ" ಎನ್ನುತ್ತಿದ್ದಳು. ಜನಕ್ಕೆ ಅದು ಆಟ. ಚೀಟಿಗಳಲ್ಲಿ ಬಣ್ಣ, ಅಂಟು, ನೇಲ್ ಪಾಲಿಶ್ ಅಂತ ಇರುವವರೆಗೆ ಅವಳು ಮುಗುಳ್ನಗುತ್ತಾ ಸುಮ್ಮನಿರುತ್ತಿದ್ದಳು. ಒಂದು ಗ್ಲಾಸಿಗೆ ನಿಂಬೆ, ಹೂವು, ಕಾಡು ಅಂತ ಬರತೊಡಗಿದಾಗ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ನಲ್ಲಿ ತಿರುಗಿಸುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಏಳು ತಿಂಗಳು ಹೀಗೇ ನಡೆಯಿತು. ಊರವರು ಮೂಗಿನಮ್ಮನ ಮೂಗು ನೋಡಲು ಬರುತ್ತಿದ್ದರು. ಮೂಗಿನಮ್ಮ ಊರವರ ಮೂಗಿನಿಂದ ಬದುಕುತ್ತಿದ್ದಳು.

*

ಹಂಡೆ ತಾನಾಗಿ ಸದ್ದು ಮಾಡಿದ ಆ ಶನಿವಾರ ಹನ್ನೊಂದಕ್ಕೆ ಆರು ಜನ ಬಂದರು. ಒಬ್ಬ ದರ್ಜಿ ಮತ್ತು ಅವನ ಹೆಂಡತಿ. ಒಬ್ಬ ನಿವೃತ್ತ ಬಸ್ ಚಾಲಕ. ಕೈ ಕೈ ಹಿಡಿದುಕೊಂಡೇ ಓಡಾಡುವ ಇಬ್ಬರು ಅಕ್ಕತಂಗಿಯರು, ಇಬ್ಬರೂ ಶಾಲೆಯ ಟೀಚರುಗಳು. ಮತ್ತೆ ಒಬ್ಬ ಹಲ್ಲಿನ ಡಾಕ್ಟರು. ಯಜಮಾನಿ ಬಾಗಿಲಲ್ಲಿ ನಿಂತು ಎಲ್ಲರ ಕೈಚೀಲ ನೋಡಿ ಬೆಂಕಿಪೊಟ್ಟಣ, ಲೈಟರು ಇದ್ದರೆ ತೆಗೆದು ಹೊರಗಿನ ಬುಟ್ಟಿಗೆ ಹಾಕಿದಳು. ಭಟ್ಟಿಮನೆಗೆ ಬೆಂಕಿಕಡ್ಡಿ ಹೋಗುವಂತಿಲ್ಲ. ಒಲೆಗೂ ಈಗ ಗುಂಡಿ ಒತ್ತಿದರೆ ಕಿಡಿ ಹಾರುವ ಏರ್ಪಾಟು.

"ಅಕಸ್ಮಾತ್ ಹೊತ್ತಿಕೊಂಡ್ರೆ?" ಎಂದ ಚಾಲಕ.

"ಹೊತ್ತಿಕೊಂಡ್ರೆ ಓಡಿ" ಎಂದಳು ಮೂಗಿನಮ್ಮ. "ಟಿಕೆಟ್ ದುಡ್ಡು ಮಾತ್ರ ವಾಪಸ್ ಕೇಳ್ಬೇಡಿ."

ಎಲ್ಲರೂ ನಕ್ಕರು. ಉಗ್ರಾಣದಲ್ಲಿ ಡಾಕ್ಟರು ಒಂದೊಂದೇ ಡಬ್ಬ ತೆಗೆದು ಮೂಸಿದ. ಜುನಿಪರ್, ಕೊತ್ತಂಬರಿ ಬೀಜ, ನಿಂಬೆಸಿಪ್ಪೆ, ಒಣಗಿದ ಬೇರುಗಳು. "ನಮ್ಮ ಕ್ಲಿನಿಕ್ಕಿನ ವಾಸನೆ ಒಂದೂ ಇಲ್ಲ, ಪುಣ್ಯ" ಎಂದ. "ಲವಂಗ ಹಾಕಲ್ವಾ?"

"ಇಲ್ಲ. ನಮ್ಮಲ್ಲಿ ಲವಂಗ ಇಲ್ಲವೇ ಇಲ್ಲ."

ಹಂಡೆಯ ಮುಂದೆ ಬಂದು ನಿಂತಾಗ ಮೊದಲ ಹನಿಗಳು ಬೀಳುತ್ತಿದ್ದವು. ನಲ್ಲಿ ಎಡಕ್ಕಿತ್ತು. ಮೊದಲ ಗ್ಲಾಸು ಕೈಯಿಂದ ಕೈಗೆ ಹೋಯಿತು. ಚೀಟಿಗಳು ಬಂದವು: ಬಣ್ಣ, ಬಣ್ಣ, ಅಂಟು, ನೇಲ್ ಪಾಲಿಶ್, ಹೊಸ ಬಾಗಿಲು, ಆಸ್ಪತ್ರೆ. ಮೂಗಿನಮ್ಮ ಮುಗುಳ್ನಕ್ಕಳು. ಎರಡನೆಯ ಗ್ಲಾಸಿಗೂ ಹೆಚ್ಚು ಕಡಿಮೆ ಅದೇ. ದರ್ಜಿ ತನ್ನ ಹೆಂಡತಿಯ ಚೀಟಿ ಇಣುಕಿ ನೋಡಲು ಹೋಗಿ ಮೊಣಕೈಯಿಂದ ತಿವಿಸಿಕೊಂಡ. "ಮದುವೆಯಾದ ಮೇಲೆ ಇವಳದೇ ಕಾಪಿ ಹೊಡ್ಕೊಂಡು ಬದುಕ್ತಿರೋದು" ಎಂದು ಗೊಣಗಿದ.

ಮೂರನೆಯ ಗ್ಲಾಸು ಹೋಯಿತು. ಈ ಸಲ ಗ್ಲಾಸು ಹಿಡಿದ ಪ್ರತಿಯೊಬ್ಬರೂ ಒಂದು ಸಲ ಮೂಸಿ, ಹುಬ್ಬು ಗಂಟಿಕ್ಕಿ, ಮತ್ತೊಂದು ಸಲ ಮೂಸಿದರು. ದರ್ಜಿಯ ಹೆಂಡತಿ ಹಿಂತಿರುಗಿ ನೋಡಿದಳು. ಅವಳ ಹಿಂದೆ ಗೋಡೆ ಇತ್ತು.

ಮೂಗಿನಮ್ಮ ಮೊದಲ ಚೀಟಿ ಬಿಡಿಸಿದಳು. ಲವಂಗ, ಆರಿಸಿದ ಬೆಂಕಿಕಡ್ಡಿ.

ಎರಡನೆಯದು. ಬೆಂಕಿಕಡ್ಡಿ. ಲವಂಗ.

ಮೂರನೆಯದು. ಸುಟ್ಟ ಕಡ್ಡಿ, ಆಮೇಲೆ ಲವಂಗ.

ಅವಳ ಬೆರಳು ತಣ್ಣಗಾಯಿತು. ನಾಲ್ಕು, ಐದು, ಅದೇ. ಆರನೆಯದು ದರ್ಜಿಯ ಹೆಂಡತಿಯದು, ಅಕ್ಷರ ಓರೆಯಾಗಿತ್ತು: ಲವಂಗ, ಕಡ್ಡಿ ಹೊಗೆ, ನನ್ನ ಹಿಂದೆ ನಿಂತಿದ್ದವರು ಯಾರು?

ಭಾವ ಕೆನ್ನೆಯಲ್ಲಿ ಯಾವಾಗಲೂ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದ. ಆಗಿನ ಒಲೆಗೆ ಕಡ್ಡಿ ಗೀರಬೇಕಿತ್ತು. ಭಟ್ಟಿಮನೆಯ ನೆಲದ ಮೇಲೆ ಕಡ್ಡಿ ಬೀಳಬಾರದು ಅಂತ ಅವನು ಒಲೆ ಹಚ್ಚಿ, ಕಡ್ಡಿ ಊದಿ ಆರಿಸಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವನು ಹತ್ತಿರ ಬಂದು ನಿಂತರೆ ನೋಡದೆಯೇ ಗೊತ್ತಾಗುತ್ತಿತ್ತು.

"ಏನಾಯ್ತು? ಯಾರದು ಸರಿ?" ಎಂದಳು ಟೀಚರುಗಳಲ್ಲಿ ದೊಡ್ಡವಳು.

"ಇನ್ನೊಂದು ನೋಡೋಣ" ಎಂದಳು ಮೂಗಿನಮ್ಮ.

ನಾಲ್ಕನೆಯ ಗ್ಲಾಸು, ಐದನೆಯದು. ಈಗ ಯಾರೂ ಬರೆಯಲಿಲ್ಲ, ಬಾಯಿಬಿಟ್ಟೇ ಹೇಳಿದರು. ಬೇರೇನೂ ಬರುತ್ತಿಲ್ಲ, ಅದೇ. ಬಣ್ಣ ಇಲ್ಲ, ನಿಂಬೆ ಇಲ್ಲ, ಅದೊಂದೇ.

"ನಮ್ಮ ಬಸ್ಸಲ್ಲಿ ದಿನಾ ಕೊನೇ ಸೀಟಿಗೆ ಒಬ್ಬ ಬರ್ತಿದ್ದ" ಎಂದ ಚಾಲಕ. "ಥೇಟ್ ಇದೇ ವಾಸನೆ. ಕನ್ನಡಿಯಲ್ಲಿ ನೋಡದೇನೇ ಹತ್ತಿದ ಅಂತ ಗೊತ್ತಾಗ್ತಿತ್ತು." ಹೇಳಿ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ.

ಬಾಗಿಲಲ್ಲಿದ್ದ ಯಜಮಾನಿ ಗಡಿಯಾರ ನೋಡಿದಳು. "ಮೂಗಿನಮ್ಮಾ, ಹೊತ್ತಾಯ್ತಲ್ವಾ? ಯಾವಾಗ್ಲೂ ಇಷ್ಟರಲ್ಲಿ ತಿರುಗಿಸಿರ್ತಿದ್ರಿ."

ಮೂಗಿನಮ್ಮ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ಉಜ್ಜಿದಳು. ಕೈ ಆಗಲೇ ಮಂಜುಗಡ್ಡೆಯಾಗಿತ್ತು, ತಲೆಯೋ ಎದೆಯೋ ತಿಳಿಸಲಿಲ್ಲ. ಬಲಕ್ಕೆ ತಿರುಗಿಸಿದರೆ ತಲೆಯೇ ಪಾತ್ರೆಗೆ ಬೀಳಬಹುದು. ಬಿಟ್ಟರೆ ಎದೆಯೆಲ್ಲ ಡಬ್ಬದ ಪಾಲು. ಅವಳು ಆರು ಮುಖಗಳನ್ನೂ ನೋಡಿದಳು. ಏಳು ತಿಂಗಳಲ್ಲಿ ಮೊದಲ ಸಲ ಆ ಮೂಗುಗಳು ಅವಳಿಗೆ ಬೇಕಾದದ್ದನ್ನು ಕೊಡಲಿಲ್ಲ.

"ಐದು ನಿಮಿಷ ಬಂದೆ. ನಲ್ಲಿ ಯಾರೂ ಮುಟ್ಟಬೇಡಿ" ಎಂದು ಐದನೆಯ ಗ್ಲಾಸು ಕೈಯಲ್ಲೇ ಹಿಡಿದುಕೊಂಡು ಅಂಗಳಕ್ಕೆ ಬಂದಳು.

*

ಅಕ್ಕ ಕಿಟಕಿಯ ಪಕ್ಕದಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಮೂಗಿನಮ್ಮ ಏನೂ ಹೇಳದೆ ಗ್ಲಾಸು ಅವಳ ಮೂಗಿನ ಕೆಳಗೆ ಹಿಡಿದಳು. ಅಕ್ಕ ಉಸಿರೆಳೆದಳು. ಮಡಿಲಿನ ಬಟ್ಟಲು ಓರೆಯಾಗಿ ಬಟಾಣಿಯೆಲ್ಲ ನೆಲಕ್ಕೆ ಉರುಳಿತು.

"ಬಂದಿದಾರೆ" ಎಂದಳು ಅಕ್ಕ. ಮೆಲ್ಲಗೆ, ನೆಂಟರು ಬಂದರು ಅನ್ನುವಷ್ಟು ಮೆಲ್ಲಗೆ.

"ಆರು ಜನಕ್ಕೂ ಇದೇ ಬರ್ತಿದೆ. ಬೇರೆ ಏನೂ ಬರ್ತಿಲ್ಲ. ಈಗ ನಾನು ನಲ್ಲಿ—" ಮೂಗಿನಮ್ಮ ನಿಲ್ಲಿಸಿದಳು. ಹೇಳಬಾರದ್ದನ್ನು ಹೇಳುವುದರಲ್ಲಿದ್ದಳು.

"ಬಂದ ಜನ ಹೇಳ್ದೆ ನಿನಗೆ ತಿರುಗಿಸೋಕಾಗಲ್ಲ" ಎಂದಳು ಅಕ್ಕ. "ನಿನ್ನ ಮೂಗು ಹೋಗಿ ಎಂಟು ತಿಂಗಳಾಯ್ತು."

"ನಿನಗೆ ಗೊತ್ತಿತ್ತಾ?"

"ಹುಳಿ ಬಂದ ಹಾಲು ಗಟಗಟ ಅಂತ ಕುಡಿದು, ಚೆನ್ನಾಗಿದೆ ಅಂದ್ಯಲ್ಲೇ ಮಹಾತಾಯಿ. ನಾನು ಒಂದೇ ಮನೇಲಿ ಈ ನಾಟಕ ಎರಡು ಸಲ ನೋಡಿದೀನಿ. ಗೊತ್ತಾಗಲ್ವಾ?"

"ಎರಡು ಸಲ ಅಂದ್ರೆ?"

ಅಕ್ಕ ಕಿಟಕಿಯಾಚೆ ನೋಡಿದಳು. "ನಿನ್ನ ಭಾವಂದೂ ಹೋಗಿತ್ತು. ಕೊನೇ ಮೂರು ವರ್ಷ."

ಮೂಗಿನಮ್ಮ ಮಂಚದ ಮೇಲೆ ಕೂತಳು. ಕೊನೆಯ ಮೂರು ವರ್ಷ. ಭಾವ ಅವಳನ್ನು ಬಾಟಲಿ ಕೋಣೆಯಿಂದ ಕರೆದು ಹಂಡೆಯ ಪಕ್ಕ ನಿಲ್ಲಿಸಿಕೊಂಡದ್ದು ಆಗಲೇ. ಪ್ರತಿ ಸಲವೂ ಗ್ಲಾಸು ಕೊಟ್ಟು, "ಏನು ಬರ್ತಿದೆ? ಹೇಳು ನೋಡೋಣ" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಅವನು ಗುರುವಿನ ಗತ್ತಿನಲ್ಲಿ ತಲೆದೂಗಿ ನಲ್ಲಿ ತಿರುಗಿಸುತ್ತಿದ್ದ. ಕಲಿಸುತ್ತಿದ್ದಾನೆ ಅಂತ ಅವಳು ಅಂದುಕೊಂಡಿದ್ದಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಹೆದರಿಕೊಂಡು ಹೇಳ್ತಿದ್ದೆ. ಗೊತ್ತಿಲ್ಲದ್ದಕ್ಕೆ ಮೂಗಿಗೆ ಬಂದಿದ್ದನ್ನ ಬಂದ ಹಾಗೇ ಹೇಳ್ತಿದ್ದೆ. ಅವರೇ ಅಂದಿದ್ದು ಇದು." ಅಕ್ಕ ಬಗ್ಗಿ ಒಂದು ಬಟಾಣಿ ಎತ್ತಿಕೊಂಡಳು. "ಒಂದೇ ಒಂದು ಸಲ ನೀನು ಸುಳ್ಳು ಹೇಳಿದೆ. ನೆಗಡಿ ಆಗಿತ್ತು ನಿನಗೆ. ಗೊತ್ತಾಗ್ತಿಲ್ಲ ಅನ್ನೋಕೆ ನಾಚ್ಕೊಂಡು ನಿಂಬೆ ಬರ್ತಿದೆ ಅಂದೆ. ಹೇಳೋ ಮುಂಚೆ ಸೊರ್ ಅಂತ ಮೂಗೆಳೆದೆ, ಅದು ಅವರ ಕಿವಿಗೆ ಬಿತ್ತು."

ಮೂಗಿನಮ್ಮನಿಗೆ ಆ ದಿನ ನೆನಪಾಯಿತು. ಅವತ್ತು ಭಾವ ನಲ್ಲಿ ತಿರುಗಿಸಲೇ ಇಲ್ಲ. ಇಡೀ ಹಂಡೆಯದು ಡಬ್ಬಕ್ಕೆ ಇಳಿದು, ಡಬ್ಬ ತುಂಬಿ, ಚರಂಡಿಗೆ ಹೋಯಿತು. ಮರೆತುಹೋಯ್ತು, ಕೂತಲ್ಲೇ ಕಣ್ಣು ಹತ್ತಿತ್ತು ಅಂದ. ದೊಡ್ಡ ಯಜಮಾನರು ಎಲ್ಲರೆದುರಿಗೆ ಬಾಯಿಗೆ ಬಂದ ಹಾಗೆ ಬೈದರು. ಅವಳೂ ಬಾಟಲಿ ಕೋಣೆಯಲ್ಲಿ ನಿಂತು, ಭಾವನಿಗೆ ಅರಳುಮರಳು ಶುರುವಾಯ್ತು ಅಂತ ನಕ್ಕಿದ್ದಳು.

"ಅವತ್ತು ರಾತ್ರಿ ಊಟ ಮಾಡಲಿಲ್ಲ" ಎಂದಳು ಅಕ್ಕ. "ಯಾಕ್ರೀ ಹೇಳಬಾರದಿತ್ತಾ ಅಂದೆ. ನಾಳೆ ಹೇಳ್ತೀನಿ ಅಂದ್ರು. ನಾಳೆ ನಾಳೆ ಅಂತಲೇ ಕುರ್ಚಿಯಲ್ಲಿ ಕೂತು ಹೋದ್ರು. ಬಾಯಲ್ಲಿದ್ದದ್ದು ಬಾಯಲ್ಲೇ ಉಳೀತು."

ಅಂಗಳದಾಚೆಯಿಂದ ಯಜಮಾನಿ ಕೂಗಿದಳು. ಇಬ್ಬರೂ ಕೇಳಿಸದವರ ಹಾಗೆ ಕೂತಿದ್ದರು. ಮೂಗಿನಮ್ಮ ಗ್ಲಾಸನ್ನು ತನ್ನ ಮೂಗಿನ ಹತ್ತಿರ ತಂದಳು. ಗಾಳಿ ಬಂತು. ಬರೀ ಗಾಳಿ. ಊರಿಗೆಲ್ಲ ಸಿಕ್ಕವನು ಅವಳೊಬ್ಬಳಿಗೆ ಸಿಗಲಿಲ್ಲ.

"ಕೋಣೆ ಹೋಗುತ್ತೆ ಅಕ್ಕ" ಎಂದಳು.

"ಹೋಗಲಿ ಬಿಡು. ಈ ಕಿಟಕಿಯಲ್ಲಿ ಕಾಣೋ ಮುಖಗಳನ್ನ ನೋಡಿ ನೋಡಿ ನನಗೂ ಸಾಕಾಗಿದೆ" ಎಂದಳು ಅಕ್ಕ. ಅವಳ ಕೈ ಕಿಟಕಿಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು.

*

ಮೂಗಿನಮ್ಮ ಹಿಂದಿರುಗಿದಾಗ ಆರು ಜನರೂ ಹಂಡೆಯಿಂದ ದೂರ, ಬಾಗಿಲಿನ ಹತ್ತಿರ ಗುಂಪಾಗಿ ನಿಂತಿದ್ದರು. ಅಕ್ಕತಂಗಿಯರ ಕೈ ಇನ್ನಷ್ಟು ಬಿಗಿದಿತ್ತು. ಡಾಕ್ಟರು ಕಿಟಕಿ ತೆರೆಯಲು ನೋಡುತ್ತಿದ್ದ, ಅದು ತೆರೆಯುತ್ತಿರಲಿಲ್ಲ. ಹಂಡೆಯ ಪಕ್ಕದ ಹಳೆಯ ಕುರ್ಚಿಯ ಸುತ್ತ ಮಾತ್ರ, ಯಾರೂ ಹೇಳದಿದ್ದರೂ, ಎಲ್ಲರೂ ಎರಡಾಳು ಜಾಗ ಬಿಟ್ಟಿದ್ದರು.

ಯಜಮಾನಿ ನಲ್ಲಿಯ ಮೇಲೆ ಕೈ ಇಟ್ಟಿದ್ದಳು.

"ಎಲ್ಲಿ ಹೋಗಿದ್ರಿ? ಡಬ್ಬ ತುಂಬಿ ಹೋಗ್ತಿದೆ! ನಾನೇ ತಿರುಗಿಸಿಬಿಡ್ತೀನಿ—"

"ಬೇಡ."

"ಬೇಡ ಅಂದ್ರೆ? ಒಳ್ಳೇದೆಲ್ಲ ಹೋಗ್ತಾ ಇದೆ."

"ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ" ಎಂದಳು ಮೂಗಿನಮ್ಮ. ಯಜಮಾನಿಯ ಬೆರಳುಗಳನ್ನು ಒಂದೊಂದಾಗಿ ನಲ್ಲಿಯಿಂದ ಬಿಡಿಸಿದಳು, ಮಗುವಿನ ಮುಷ್ಟಿ ಬಿಡಿಸುವ ಹಾಗೆ. ಆಮೇಲೆ ಬಗ್ಗಿ ಒಲೆ ಆರಿಸಿದಳು. ಉರಿ ಬುಸ್ ಅಂತ ನಿಂತಿತು. ಕೊಳವೆಯ ತುದಿಯಲ್ಲಿ ಧಾರೆ ಎಳೆಯಾಯಿತು, ಎಳೆ ಹನಿಯಾಯಿತು.

"ಎಂಟು ತಿಂಗಳಿಂದ ನನಗೆ ವಾಸನೆ ಇಲ್ಲಮ್ಮ. ಏನೂ ಇಲ್ಲ. ಸೋಪಿಲ್ಲ, ಹೊಗೆ ಇಲ್ಲ."

ಯಜಮಾನಿ ನಕ್ಕಳು. ಇದೂ ಶನಿವಾರದ ಆಟದ ಒಂದು ಭಾಗ ಇರಬೇಕು ಅನ್ನುವ ಹಾಗೆ ಬಂದವರ ಕಡೆ ನೋಡಿದಳು. ಅವರು ನಗುತ್ತಿರಲಿಲ್ಲ.

ಆಗ ದರ್ಜಿಯ ಹೆಂಡತಿ ಗೋಡೆಗೆ ಒರಗಿ, "ಹೋಯ್ತು" ಎಂದಳು.

"ಏನು ಹೋಯ್ತು?" ಎಂದ ದರ್ಜಿ.

"ಆ ವಾಸನೆ. ನೋಡಿ, ಹೋಯ್ತು."

ಎಲ್ಲರೂ ಉಸಿರೆಳೆದರು. ಚಾಲಕ ತಲೆಯಾಡಿಸಿದ. "ಇಳಿದ" ಎಂದ, ತನಗೇ ಎಂಬಂತೆ. ಡಾಕ್ಟರು ಜಗ್ಗುತ್ತಿದ್ದ ಕಿಟಕಿ ತಟ್ಟನೆ ತೆರೆದುಕೊಂಡು ಅವನು ಮುಗ್ಗರಿಸುವುದರಲ್ಲಿದ್ದ. ಬೀದಿಯ ಗಾಳಿ ಒಳಗೆ ಬಂತು.

ಯಜಮಾನಿ ಬಂದವರನ್ನು ರುಚಿ ನೋಡುವ ಕೋಣೆಗೆ ಕಳಿಸಿದಳು. ಅಲ್ಲಿ ಹಳೆಯ ಬಾಟಲಿಗಳಿದ್ದವು, ಭಾವನ ಕಾಲದವು. ಅವನ್ನು ಕುಡಿಯಬಹುದು ಎಂದು ಮೂಗಿನಮ್ಮ ಹೇಳಿದಳು. ಆಮೇಲೆ ಇಬ್ಬರೇ ಉಳಿದರು. ಯಜಮಾನಿಗೆ ಕೂರಬೇಕು ಅನ್ನಿಸಿತು. ಕುರ್ಚಿಯ ಕಡೆ ನೋಡಿ, ಯಾಕೋ ಮನಸ್ಸು ಬದಲಿಸಿ, ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತಳು.

"ಹಾಗಾದ್ರೆ ಈ ಎಂಟು ತಿಂಗಳು ಯಾರು ತಿರುಗಿಸಿದ್ದು?"

"ಮೊದಲ ಒಂದು ತಿಂಗಳು ಅಂಗೈ. ಆಮೇಲೆ ಬಂದವರು ಹೇಳಿದ್ದು ಕೇಳಿಕೊಂಡು ನಾನು."

"ಮೂಗಿನಮ್ಮಾ!" ಯಜಮಾನಿ ಹಣೆ ಹಿಡಿದುಕೊಂಡಳು. "ಯಾರಾದ್ರೂ ತಮಾಷೆಗೆ ಏನೋ ಬರೆದಿದ್ರೆ? ಯಾರಾದ್ರೂ ಕುಡಿದು ಹೆಚ್ಚುಕಡಿಮೆ ಆಗಿದ್ರೆ?"

"ಆರು ಜನ, ಎಂಟು ಜನ ಬಂದಾಗ ತಪ್ಪಾಗಲ್ಲ. ಹೆಚ್ಚು ಜನ ಹೇಳಿದ್ದು ಸರಿ ಇರುತ್ತೆ." ಮೂಗಿನಮ್ಮ ಕೈ ಒರೆಸಿಕೊಂಡಳು. "ಹೋದ ವಾರ ಬಂದಿದ್ದು ಇಬ್ಬರೇ. ಹೊಸದಾಗಿ ಮದುವೆಯಾದವರು. ಅವಳು ಏನು ಬರೆದ್ಳೋ ಅದನ್ನೇ ಅವನು ಬರೆದ. ಅವಳು ಮೂಗೆಳೀತಾನೇ ಇದ್ಳು. ನನಗೆ ಕೇಳಿಸ್ತು. ಕೇಳಿಸಿದ್ರೂ ತಿರುಗಿಸಿದೆ."

ರುಚಿ ನೋಡುವ ಕೋಣೆಯಿಂದ ಗ್ಲಾಸಿನ ಸದ್ದು, ಯಾರದೋ ಗಟ್ಟಿ ನಗು ಕೇಳಿಸಿತು; ಹೆದರಿದವರು ಆಮೇಲೆ ನಗುವ ನಗು.

"ಇದನ್ನ ನೀವು ಹೇಳದೇ ಇದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ" ಎಂದಳು ಯಜಮಾನಿ. ಅದು ಬೈಗುಳವೋ ಬೇಡಿಕೆಯೋ ತಿಳಿಯಲಿಲ್ಲ.

"ಗೊತ್ತು."

"ನಲ್ಲಿಗೆ ಬೇರೆಯವರನ್ನ ತರಬೇಕು. ಅವರಿಗೆ ಮನೆ ಕೊಡಬೇಕು."

"ಅದೂ ಗೊತ್ತು. ಅಕ್ಕನಿಗೆ ಹೇಳಿ ಬಂದೆ. ಒಂದು ತಿಂಗಳು ಸಮಯ ಕೊಡಿ, ಅವಳ ಮಂಡಿಗೆ ಮೆಟ್ಟಿಲಿಲ್ಲದ ಜಾಗ ಹುಡುಕಬೇಕು." ಮೂಗಿನಮ್ಮ ಗೋಡೆಯ ಮೊಳೆಯಿಂದ ದೊಡ್ಡ ಕೈಚೀಲ ತೆಗೆದು ಕೊಡವಿದಳು. ಇನ್ನೊಂದನ್ನೂ ತೆಗೆದು ಮೊದಲನೆಯದರೊಳಗೆ ತುರುಕಿದಳು.

"ಈಗೆಲ್ಲಿಗೆ?" ಯಜಮಾನಿ ಬಕೆಟ್ಟಿನಿಂದ ಎದ್ದಳು. "ಮೂಗಿನಮ್ಮಾ, ಕೂತ್ಕೊಳ್ಳಿ ಸ್ವಲ್ಪ, ಮಾತಾಡೋಣ."

"ಹೋದ ವಾರದ್ದು ಮೂವತ್ತೆಂಟು ಬಾಟಲಿ" ಎಂದಳು ಮೂಗಿನಮ್ಮ, ಆಗಲೇ ಬಾಗಿಲು ದಾಟುತ್ತಾ. ಯಜಮಾನಿ ಹಿಂದೆ ಹಿಂದೆ ಬಂದಳು. "ಇಪ್ಪತ್ತಾರು ಒಳಗೇ ಇದೆ, ಹಸಿರು ಚೀಟಿ ಅಂಟಿಸಿದೀನಿ, ನೀವು ಈಗಲೇ ತೆಗೆದಿಡಿ. ಉಳಿದ ಹನ್ನೆರಡು ಬಸ್ ನಿಲ್ದಾಣದ ಅಂಗಡಿಗೆ ಹೋಗಿದೆ." ಅವಳು ಅಂಗಳ ದಾಟಿ ಗೇಟಿನ ಚಿಲಕ ಎಳೆದಳು. ತಿರುಗಿ ನೋಡಲಿಲ್ಲ, ಮಾತೂ ನಿಲ್ಲಿಸಲಿಲ್ಲ. "ಅವನು ಒಂದು ಗಂಟೆಗೆ ಬಾಗಿಲು ಹಾಕ್ತಾನೆ, ಆಮೇಲೆ ಸೋಮವಾರವೇ ತೆಗೆಯೋದು, ಅಷ್ಟರೊಳಗೆ ಯಾರು ಯಾರು ಕೊಂಡುಕೊಂಡ್ರು ಅಂತ ಕೇಳಿ, ಅವರ ಮನೆಗೂ ಹೋಗಿ ನಾನೇ ವಾಪಸ್ ತರ್ತೀನಿ."